ಬುರುಲ್ ಕೇಳಿದ ಸುಯುಂಚು

ಒಳ್ಳೆಯ ಸುದ್ದಿ ಹೊತ್ತು ಓಡುವುದರಲ್ಲಿ ನನ್ನನ್ನು ಮೀರಿಸಿದ ಗಂಡಸು ನಮ್ಮ ಕಣಿವೆಯಲ್ಲಿ ಹುಟ್ಟಿಲ್ಲ. ಹುಟ್ಟಿದ್ದರೂ, ಅವನು ಹುಟ್ಟಿದನೆಂದು ಅವನಪ್ಪನಿಗೆ ತಿಳಿಸಿದವನು ನಾನೇ. ಕಾರಾ-ಬುಲುಂಗಿನ ಆಸ್ಪತ್ರೆಯ ಬೂದು ಬಣ್ಣದ ಆಂಬ್ಯುಲೆನ್ಸನ್ನು ಮೂವತ್ತೊಂದು ವರ್ಷ ಓಡಿಸಿದ್ದೇನೆ. ಕೆಳಗೆ ಮಗು ಮೊದಲ ಸಲ ಅಳುವುದಕ್ಕೂ, ಮೇಲೆ ಬೇಸಿಗೆಯ ಹುಲ್ಲುಗಾವಲಿನಲ್ಲಿ ಅದರ ಅಜ್ಜ ನನ್ನ ತಲೆಗೆ ಹೊಸ ಟೊಪ್ಪಿಗೆ ಇಡುವುದಕ್ಕೂ ನಡುವೆ ಒಂದು ಬಟ್ಟಲು ಚಹಾ ಆರುವಷ್ಟು ಹೊತ್ತೂ ಹಿಡಿಯುತ್ತಿರಲಿಲ್ಲ. ಒಮ್ಮೆಯಂತೂ ಹೆರಿಗೆ ಮುಗಿಯುವ ಮೊದಲೇ ಹೋಗಿ ಗಂಡು ಮಗು ಎಂದುಬಿಟ್ಟೆ. ಪಾಪ, ಆ ಮಗು ನನ್ನ ಮಾನ ಉಳಿಸುವುದಕ್ಕಾಗಿ ಗಂಡಾಗಿಯೇ ಹುಟ್ಟಿತು. ಹೀಗೆ ಬಂದ ಬಿಳಿ ಉಣ್ಣೆಯ ಟೊಪ್ಪಿಗೆಗಳನ್ನು ಒಂದರ ಮೇಲೊಂದು ಪೇರಿಸಿದರೆ ದಾರಿಹೋಕ ಮೋಡಗಳು ಅಳತೆ ನೋಡಿಕೊಂಡು ಹಾಕಿಕೊಂಡು ಹೋದಾವು.

ಈ ಉಡುಗೊರೆಯೇ ಸುಯುಂಚು. ಒಳ್ಳೆಯ ಸುದ್ದಿ ತಂದವನು ಹೊಸ್ತಿಲಲ್ಲಿ ನಿಂತು ‘ಸುಯುಂಚು!’ ಎಂದು ಕೂಗಬೇಕು; ಮನೆಯವರು ಸುದ್ದಿ ಕೇಳುವ ಮೊದಲೇ ಅವನು ಕೇಳಿದ್ದನ್ನು ಕೊಡುತ್ತೇವೆಂದು ಒಪ್ಪಬೇಕು. ಇಲ್ಲವೆಂದರೆ, ಬಂದ ಒಳ್ಳೆಯದು ಹೊಸ್ತಿಲಿಂದಲೇ ಬೆನ್ನು ತಿರುಗಿಸುತ್ತದೆ. ದೇವರನ್ನು ನಂಬದ ಕಾಲದಲ್ಲೂ ನಾವು ಇದನ್ನು ನಂಬಿದ್ದೆವು.

ನಾನೀಗ ಹೇಳಹೊರಟಿರುವುದು ಬುರುಲ್ ಎಂಬ ನರ್ಸಿನ ಕಥೆ.

ಬುರುಲ್ ನಮ್ಮ ಮೇಲ್ಕೇರಿಯ ಕುರಿಗಾಹಿಯೊಬ್ಬನ ಐದನೆಯ ಹೆಣ್ಣು. ‘ಹೊರಳು’ ಎಂದು ಆ ಹೆಸರಿನ ಅರ್ಥ: ಇನ್ನಾದರೂ ಹೊರಳಿ ಗಂಡು ಬರಲಿ ಎಂದು ಅಪ್ಪ ಇಟ್ಟದ್ದು. ಆರನೆಯದೂ ಹೆಣ್ಣೇ ಆಯಿತು. ಆರು ವರ್ಷದವಳಿದ್ದಾಗ ಪಕ್ಕದ ಮನೆಯ ಹೆಬ್ಬಾತು ಇವಳ ಮೀನಖಂಡಕ್ಕೆ ಕಚ್ಚಿತು. ಹುಡುಗಿ ಅಳಲಿಲ್ಲ. ಮೂರು ವರ್ಷ ಕಾದಳು. ಒಂಬತ್ತನೆಯ ವಯಸ್ಸಿಗೆ ನೆರೆಯವರ ಮದುವೆಯೂಟದಲ್ಲಿ ಆ ಬಾತಿನ ತೊಡೆಯನ್ನು ತಾನೇ ಕೇಳಿ ಹಾಕಿಸಿಕೊಂಡು ತಿಂದಳು. ಅದರ ರೆಕ್ಕೆಯನ್ನು ಮನೆಗೆ ತಂದು ಒಲೆಯ ಬೂದಿ ಗುಡಿಸಲು ಇಟ್ಟುಕೊಂಡಳು. ನರ್ಸಿಂಗ್ ಶಾಲೆಗೆ ಪಟ್ಟಣಕ್ಕೆ ಹೋದಾಗ ಪೆಟ್ಟಿಗೆಯಲ್ಲಿ ಆ ರೆಕ್ಕೆಯೂ ಹೋಯಿತು. ನಾಲ್ಕು ವರ್ಷ ಓದಿ, ತರಗತಿಗೇ ಮೊದಲಿಗಳಾಗಿ, ಕೆಂಪು ರಟ್ಟಿನ ಪ್ರಮಾಣಪತ್ರ ಹಿಡಿದು ಸೆಪ್ಟೆಂಬರಿನಲ್ಲಿ ನಮ್ಮ ಆಸ್ಪತ್ರೆಗೆ ಬಂದಳು. ಗಂಜಿ ಹಾಕಿ ಇಸ್ತ್ರಿ ಮಾಡಿದ ಅವಳ ಬಿಳಿ ಕೋಟು ಎಷ್ಟು ಗಡುಸಾಗಿತ್ತೆಂದರೆ, ಅವಳು ಅದರಿಂದ ಹೊರಬಂದು ಚಹಾ ಕುಡಿದು ವಾಪಸು ಹೋಗುವ ತನಕ ಕೋಟು ನಿಂತೇ ಇರುತ್ತಿತ್ತು.

“ಆರು ತಿಂಗಳು ನೋಡ್ತೀನಿ,” ಎಂದರು ದೊಡ್ಡ ಡಾಕ್ಟರು, ಆಯ್‌ಚುರೊಕ್ ಎಜೆ; ‘ಎಜೆ’ ಎಂದರೆ ನಮ್ಮಲ್ಲಿ ಅಕ್ಕ. “ಜನ ನಿನ್ನ ಒಪ್ಪಿದ್ರೆ ಖಾಯಂ. ಒಪ್ಪದೆ ಇದ್ರೆ ನಾನು ಏನೂ ಮಾಡಕ್ಕಾಗಲ್ಲ ಮಗಳೆ.”

ಹೆರಿಗೆ ವಾರ್ಡಿನ ಯಜಮಾನಿಕೆ ಡಾಕ್ಟರದ್ದಲ್ಲ, ಹಿರಿಯ ನರ್ಸ್ ಸಾಯ್ರಾ ಎಜೆಯದು. ಇಪ್ಪತ್ತೆಂಟು ವರ್ಷದ ಸೇವೆ, ಇಬ್ಬರು ಹೆಂಗಸರಷ್ಟು ಮೈ, ಮೂವರಷ್ಟು ದನಿ. ವಾರ್ಡಿನ ಬಿಳಿ ಬಾಗಿಲ ಮೇಲೆ ಅವಳೇ ದಪ್ಪ ಅಕ್ಷರದಲ್ಲಿ ಬರೆದು ಹಾಕಿದ್ದ ಫಲಕ: ‘ಸಂಬಂಧಿಕರಿಗೆ ಪ್ರವೇಶವಿಲ್ಲ. ಯಾರೇ ಆಗಿರಲಿ.’ ಅದರ ಕೆಳಗಿನ ಬೆಂಚಿನ ಮೇಲೆ ಕಣಿವೆಯ ಅಜ್ಜಿಯರೆಲ್ಲ ಕೂತು ಕೂತು ಹಲಗೆಯಲ್ಲಿ ಕುಳಿ ಬಿದ್ದಿತ್ತು. ವಾರ್ಡಿನ ಪದ್ಧತಿಯೂ ಅವಳದೇ. ಗಂಡು ಹುಟ್ಟಿದರೆ ‘ಸುಯುಂಚು’ ಎಂದು ಹೊರಗೆ ಬರುವವಳು ಸಾಯ್ರಾ. ಹೆಣ್ಣು ಹುಟ್ಟಿದರೆ ಹೊಸ ನರ್ಸನ್ನು ಕಳಿಸುವುದು. ಗಂಡಿಗೆ ಸಿಗುವುದು ರೇಷ್ಮೆಯ ತಲೆವಸ್ತ್ರ, ಕೊಬ್ಬಿದ ಕುರಿ. ಹೆಣ್ಣಿಗೆ ಸಿಗುವುದು ಹುಳಿ ಮುಖ ಮತ್ತು ಒಂದು ಮುಷ್ಟಿ ಮಿಠಾಯಿ. ಸಾಯ್ರಾ ಮನೆಯ ತಲೆವಸ್ತ್ರಗಳ ಪೆಟ್ಟಿಗೆಯ ಮುಚ್ಚಳ ಹಾಕಬೇಕಾದರೆ ಅದರ ಮೇಲೆ ಅವಳೇ ಕೂರಬೇಕಿತ್ತು. ಬೇರೆ ಯಾರು ಕೂತರೂ ಮೇಲೆದ್ದುಬಿಡುತ್ತಿತ್ತು.

ಅಕ್ಟೋಬರಿನ ಒಂದು ಮಧ್ಯಾಹ್ನ ಅರಣ್ಯ ಕಾವಲುಗಾರನ ಹೆಂಡತಿ ಅನಾರ್ಕಾನಳನ್ನು ನಾನೇ ಕರೆತಂದೆ. ನಾಲ್ಕು ಹೆಣ್ಣಿನ ತಾಯಿ, ಐದನೆಯದಕ್ಕೆ ಬಂದವಳು. ಡಾಕ್ಟರು ಜಿಲ್ಲಾ ಸಭೆಗೆ ಹೋಗಿದ್ದರು. ಸಾಯ್ರಾ ಅಡುಗೆಮನೆಯಲ್ಲಿ ಎಣ್ಣೆಯಲ್ಲಿ ಕರಿದ ಬೋರ್ಸೊಕ್ಕನ್ನು ಚಹಾದಲ್ಲಿ ಅದ್ದಿ ಅದ್ದಿ ತಿನ್ನುತ್ತ, “ಐದನೇದು ತಾನೆ, ದಾರಿ ಗೊತ್ತಿದೆ, ಸಂಜೆಗೆ ಬರುತ್ತೆ,” ಎಂದಳು. ಮಗು ಸಂಜೆಯವರೆಗೆ ಕಾಯಲಿಲ್ಲ. ಬಂದದ್ದೂ ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು, ಮುಖ ನೀಲಿಯಾಗಿ. ಒಳಗೆ ಇದ್ದವಳು ಬುರುಲ್ ಒಬ್ಬಳೇ. ಬಳ್ಳಿಯ ಕೆಳಗೆ ಬೆರಳು ತೂರಿಸಿ ತಲೆಯ ಮೇಲಿಂದ ದಾಟಿಸಿದಳು, ಮಗುವನ್ನು ಹಿಡಿದು ಒರೆಸಿದಳು, ಬೆನ್ನು ತಿಕ್ಕಿದಳು. ಅದು ಅತ್ತಿತು. ಗಂಡು.

ಅಳು ಕೇಳಿದ್ದೇ ಸಾಯ್ರಾ ಬೋರ್ಸೊಕ್ ಬಿಟ್ಟು ಬಂದಳು. ಬುರುಲ್ ಕೈಗೆ ರಕ್ತದ ಬಟ್ಟೆಯ ಬೋಗುಣಿ ಕೊಟ್ಟಳು, ಅವಳ ಕೈಯಿಂದ ಮಗುವನ್ನು ತೆಗೆದುಕೊಂಡಳು, ಬಾಗಿಲು ದಾಟಿ ‘ಸುಯುಂಚು!’ ಎಂದಳು. ಆ ಕೂಗಿಗೆ ಹಿಮದ ಶಿಖರದಿಂದ ಒಂದು ಬಂಡೆ ಉರುಳಿತೆಂದು ಕೆಲವರು ಹೇಳುತ್ತಾರೆ. ನಾನು ಎರಡು ಎನ್ನುತ್ತೇನೆ. ಬೆಂಚಿನ ಮೇಲೆ ಕಾದಿದ್ದ ಅನಾರ್ಕಾನಳ ಅತ್ತೆ ಮುದುಕಿ ಅಳುತ್ತ ತನ್ನ ರೇಷ್ಮೆ ವಸ್ತ್ರವನ್ನು ಸಾಯ್ರಾಳ ತಲೆಗೆ ಹೊದಿಸಿ, ಮನೆಯ ಅತಿ ದೊಡ್ಡ ಬಾಲದ ಕುರಿಯನ್ನು ಕೊಡುತ್ತೇನೆಂದಳು. ಆಮೇಲೆ ಮಗುವಿನ ಹೊದಿಕೆ ಸರಿಸಿ ನೋಡಿದಳು.

“ಸಾಯ್ರಾ, ಕುತ್ತಿಗೆ ಸುತ್ತ ಇದೇನಿದು ನೀಲಿ ಗೆರೆ?”

ಸಾಯ್ರಾ ನಿಜ ಹೇಳಿದರೆ, ಹೆರಿಗೆಯ ಗಳಿಗೆಯಲ್ಲಿ ತಾನು ಎಲ್ಲಿದ್ದೆ ಎಂದೂ ಹೇಳಬೇಕಾಗುತ್ತಿತ್ತು.

“ಏನ್ ಹೇಳ್ಲಿ ಅಜ್ಜಿ! ಆ ಹೊಸ ಹುಡುಗಿ ಕೈ ಜಾರಿಸಿಬಿಟ್ಟಳು. ಇನ್ನೇನು ನೆಲಕ್ಕೆ ಬೀಳ್ಬೇಕು, ಕುತ್ತಿಗೆ ಹಿಡ್ಕೊಂಡು ಉಳಿಸ್ದೆ.”

ಹೆತ್ತವಳಿಗೆ ಇದು ತಿಳಿಯಬೇಕಿತ್ತಲ್ಲ ಎನ್ನುತ್ತೀರಿ. ಅನಾರ್ಕಾನ್ ನೋವಿನಲ್ಲಿ ಕಣ್ಣು ಮುಚ್ಚಿದವಳು ತೆರೆದಾಗ ಕಂಡದ್ದು ಬೋಗುಣಿ ಹಿಡಿದ ಬುರುಲ್, ಮಗು ಹಿಡಿದ ಸಾಯ್ರಾ.

ಇನ್ನು ನನ್ನ ಪಾಲು. ಅತ್ತೆ ಮುದುಕಿಯನ್ನು ಮನೆಗೆ ಬಿಡಲು ಹೋದವನು ನಾನು. ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ, ಬ್ರೆಡ್ ಅಂಗಡಿಯಲ್ಲಿ, ಸೇತುವೆಯ ಹತ್ತಿರ ಕುದುರೆ ಹಾಲಿನ ಕುಮಿಸ್ ಮಾರುವವಳ ಮುಂದೆ ಹೇಳಿದೆ. ಮೊದಲ ಊರಿನಲ್ಲಿ ಮಗು ಒಂದು ಸಲ ಜಾರಿತ್ತು. ಮೂರನೆಯ ಊರಿನಲ್ಲಿ ಎರಡು ಸಲ ಬಿತ್ತು. ಏಳನೆಯ ಊರಿಗೆ ಬರುವಷ್ಟರಲ್ಲಿ ಅದು ನೆಲಕ್ಕೆ ಬಡಿದು ಪುಟಿದು ಸಾಯ್ರಾಳ ಮಡಿಲು ಸೇರಿತ್ತು. ಕಣಿವೆಯ ಅತಿ ವೇಗದ ಶುಭವಾರ್ತೆಗಾರ ಅಂದು ಮೂರು ಗಂಟೆಯೊಳಗೆ ಏಳು ಊರಿಗೆ ಸುಳ್ಳು ಮುಟ್ಟಿಸಿದ. ಆ ದಿನದ ದಾಖಲೆಯನ್ನೂ ಯಾರೂ ಮುರಿದಿಲ್ಲ.

ಬುರುಲ್ ಮಾರನೆಯ ದಿನವೇ ಡಾಕ್ಟರ ಮುಂದೆ ನಿಂತು ನಡೆದದ್ದನ್ನು ಹೇಳಿದಳು. ಡಾಕ್ಟರು ನಂಬಿದರು. “ನಾನು ನಂಬಿದ್ರೆ ಏನು ಬಂತು ಮಗಳೆ,” ಎಂದರು, “ಹೆರೋಳು ನಾನಲ್ವಲ್ಲ. ಸಾಯ್ರಾ ಬಾಯಿಂದಲೇ ಬರ್ಬೇಕು.”

ಅದಾಗಿ ಬುರುಲ್‌ಗೆ ‘ಜಾರುಗೈ’ ಎಂದೇ ಹೆಸರಾಯಿತು. ಅವಳು ಥರ್ಮಾಮೀಟರ್ ಹಿಡಿದು ಬಂದರೆ ಬಸುರಿಯರು ಹೊಟ್ಟೆಯನ್ನು ಎರಡೂ ಕೈಯಿಂದ ಮುಚ್ಚಿಕೊಳ್ಳುತ್ತಿದ್ದರು. ಒಬ್ಬ ಮುದುಕ ತನ್ನ ಹಲ್ಲಿನ ಸೆಟ್ಟನ್ನು ತೊಳೆಯಲೂ ಅವಳ ಕೈಗೆ ಕೊಡಲಿಲ್ಲ. ಬೆಡ್‌ಪ್ಯಾನ್ ತಿಕ್ಕುವುದು, ಸಿರಿಂಜು ತಟ್ಟೆ ಕುದಿಸುವುದು, ಕಿಟಕಿ ಒರೆಸುವುದು: ಇದಿಷ್ಟೇ ಅವಳಿಗೆ ಉಳಿದ ಕೆಲಸ. ಹೀಗೇ ಹೋದರೆ ಮಾರ್ಚಿನಲ್ಲಿ ಕೆಂಪು ಪ್ರಮಾಣಪತ್ರ ಪೆಟ್ಟಿಗೆ ಸೇರಿ, ಹುಡುಗಿ ಅಪ್ಪನ ಕುರಿಗಳ ಹಿಂದೆ ಹೋಗಬೇಕಿತ್ತು.

ಒಂದು ದಿನ ಗ್ಯಾರೇಜಿಗೆ ಬಂದಳು. ನಾನು ವ್ಯಾನಿನ ಕೆಳಗೆ ಮಲಗಿದ್ದೆ. ಅವಳ ಬೂಟು ಮಾತ್ರ ಕಾಣುತ್ತಿತ್ತು. ಹಿರಿಯನೆಂದು ನನ್ನನ್ನು ಬಾಯ್ಕೆ, ಅಂದರೆ ಅಣ್ಣ, ಎಂದೇ ಕರೆಯುತ್ತಿದ್ದಳು.

“ಕಾಲ್ಮುರ್ಜಾ ಬಾಯ್ಕೆ, ಮಗು ಜಾರಿದ್ದನ್ನ ನೀವು ನೋಡಿದ್ರಾ?”

“ನಾನೆಲ್ಲಿ ನೋಡ್ಲಿ ಮಗಳೆ? ಒಳಗೆ ಬಿಡ್ತಾರಾ ನಮ್ಮನ್ನ?”

“ಮತ್ತೆ ನೋಡಿದವ್ರಿಗಿಂತ ಚೆನ್ನಾಗಿ ಹೇಳಿದ್ರಂತೆ. ಪುಟೀತಂತೆ?”

“ಕಥೆ ಅಂದ್ಮೇಲೆ ಸ್ವಲ್ಪ ಉಪ್ಪು ಹಾಕ್ಬೇಕಲ್ಲ ತಾಯಿ.”

“ಹಾಕಿ ಹಾಕಿ,” ಎಂದಳು ಬೂಟುಗಳ ಮೇಲಿನಿಂದ. “ಚಳಿಗಾಲಕ್ಕೆ ನಿಮಗೆ ಸೊಂಟ ಹಿಡ್ಕೊಳುತ್ತಂತಲ್ಲ. ಆಗ ಸಿಗೋಣ.”

ಡಿಸೆಂಬರಿನಲ್ಲಿ ಸೊಂಟ ಹಿಡಿಯಿತು. ಡಾಕ್ಟರು ಹತ್ತು ಇಂಜೆಕ್ಷನ್ ಬರೆದರು. ಕೊಡಲು ಆ ಹೊತ್ತಿಗೆ ಖಾಲಿ ಇದ್ದವಳು ಬುರುಲ್ ಒಬ್ಬಳೇ. ಅವಳು ಯಾವಾಗಲೂ ಖಾಲಿ ಇರುತ್ತಿದ್ದಳಲ್ಲ, ನನ್ನ ದಯೆಯಿಂದ. ಮಂಚದ ಮೇಲೆ ಬೋರಲು ಮಲಗಿದೆ. ನನ್ನ ಪೃಷ್ಠದಲ್ಲಿ ಅಂಥ ವಿಶಾಲ ಪ್ರದೇಶವಿದ್ದರೂ ಅತಿ ನೋಯುವ ಒಂದು ಜಾಗವಿದೆ ಎಂಬುದು ಅರವತ್ತು ವರ್ಷ ನನಗೇ ಗೊತ್ತಿರಲಿಲ್ಲ. ಅವಳು ಮೊದಲ ದಿನವೇ ಹುಡುಕಿದಳು. ನಾನು ಕೂಗಿದ್ದಕ್ಕೆ ಅಂಗಳದಲ್ಲಿದ್ದ ಕುದುರೆ ಹಗ್ಗ ಹರಿದುಕೊಂಡು ಓಡಿ ಗಡಿ ದಾಟಿತು. ಈಗ ಅದು ಚೀನಾದ ಕುದುರೆ.

“ಕೈ ಜಾರಿತಾ ಮಗಳೆ?” ಎಂದೆ, ಹಲ್ಲು ಕಚ್ಚಿ.

“ಇಲ್ಲ ಬಾಯ್ಕೆ. ನನ್ನ ಕೈ ಯಾವತ್ತೂ ಜಾರಲ್ಲ. ಬೇಕಂತಲೇ ಚುಚ್ಚಿದ್ದು. ಇನ್ನೂ ಒಂಬತ್ತಿವೆ.”

ಒಂಬತ್ತನ್ನೂ ಕೊಟ್ಟಳು. ಸೊಂಟ ನೆಟ್ಟಗಾಯಿತು, ಅದು ಬೇರೆ ಮಾತು. ಆದರೆ ನನ್ನದು ಅವಳಿಗೆ ಬರಿಯ ಹಲ್ಲುಜ್ಜುವ ಕೆಲಸ. ಊಟದ ತಟ್ಟೆ ಬೇರೆಯೇ ಇತ್ತು. ಸಾಯ್ರಾಳ ಒಬ್ಬನೇ ಮಗನ ಹೆಂಡತಿ ಚೋಲ್ಪೊನ್ ಮದುವೆಯಾದ ಆರು ವರ್ಷದ ಮೇಲೆ ಬಸುರಿಯಾಗಿದ್ದಳು. ಸಾಯ್ರಾ ಅವಳಿಗೆ ಹಾಲು, ಒಣದ್ರಾಕ್ಷಿ, ಕುರಿಯ ಮೂಳೆ ಸಾರು ಎಂದು ಓಡಾಡುತ್ತಿದ್ದಳು. ಬುರುಲ್ ಹೆಬ್ಬಾತಿನ ರೆಕ್ಕೆಯಿಂದ ಕಿಟಕಿಯ ಧೂಳು ಗುಡಿಸುತ್ತ, ಸೊಸೆ ಅಂಗಳ ದಾಟುವಾಗಲೆಲ್ಲ ಅವಳ ಹೊಟ್ಟೆಯನ್ನೇ ನೋಡುತ್ತಿದ್ದಳು. ಆ ಮಗು ಬರಲಿ ಎಂದು ಸಾಯ್ರಾಗಿಂತ ಹೆಚ್ಚು ಆಸೆಯಿಂದ ಕಾದವಳು ಕಣಿವೆಯಲ್ಲಿ ಅವಳೊಬ್ಬಳೇ.

“ಏನ್ ಮಾಡ್ಬೇಕು ಅಂತಿದ್ದೀಯ?” ಎಂದು ಕೇಳಿದೆ. ನನಗೆ ಹೆದರಿಕೆ.

“ಏನೂ ಇಲ್ಲ ಬಾಯ್ಕೆ. ಇಲ್ಲಿನ ಪದ್ಧತಿ ಕಲೀತಿದ್ದೀನಿ.”

ಫೆಬ್ರುವರಿಯ ಕೊನೆಯ ಗುರುವಾರ ಚೋಲ್ಪೊನ್‌ಗೆ ನೋವು ಬಂತು. ಗುರುವಾರವೆಂದರೆ ನಮ್ಮಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ದಿನ. ಬೆಳಗಿನ ಹತ್ತಕ್ಕೇ ಕಾರಿಡಾರ್ ತುಂಬ ಏಳೂ ಊರಿನ ತಾಯಂದಿರು, ಕಂಕುಳಲ್ಲಿ ಮಕ್ಕಳು. ಅನಾರ್ಕಾನಳೂ ತನ್ನ ಗುಂಡನೆಯ ಗಂಡುಮಗುವಿನ ಜೊತೆ ಮುಂದಿನ ಸಾಲಿನಲ್ಲೇ ಕೂತಿದ್ದಳು.

ಸಾಯ್ರಾ ಸೊಸೆಯ ಕೈ ಹಿಡಿದುಕೊಂಡು ಬಿಳಿ ಬಾಗಿಲಿನವರೆಗೂ ಬಂದಳು. ಬಾಗಿಲಲ್ಲಿ ಬುರುಲ್ ನಿಂತಿದ್ದಳು. ಸೊಸೆಯನ್ನು ಒಳಗೆ ಬಿಟ್ಟಳು. ಅತ್ತೆಯ ಮುಂದೆ ಕೈ ಅಡ್ಡ ಹಿಡಿದಳು.

“ಸರಿ ಆಚೆ!” ಎಂದಳು ಸಾಯ್ರಾ.

“ಎಜೆ, ಕನ್ನಡಕ ತಂದಿದ್ದೀರಾ? ಇಲ್ದಿದ್ರೆ ನಾನೇ ಓದ್ತೀನಿ.” ಬುರುಲ್ ತಲೆಯೆತ್ತಿ, ಶಾಲೆಯ ಮಕ್ಕಳು ಪಾಠ ಓದುವಂತೆ, ಕಾರಿಡಾರಿನ ಆ ತುದಿಗೂ ಕೇಳುವಂತೆ ಓದಿದಳು: “ಸಂಬಂಧಿಕರಿಗೆ ಪ್ರವೇಶವಿಲ್ಲ. ಯಾರೇ. ಆಗಿರಲಿ.”

“ಅದನ್ನ ಬರ್ದೋಳು ನಾನು ಕಣೆ!”

“ಅದಕ್ಕೇ ಅಕ್ಷರ ಅಷ್ಟು ಚೆನ್ನಾಗಿದೆ.”

ಒಳಗಿನಿಂದ ಡಾಕ್ಟರು ಇಣುಕಿದರು. “ಸಾಯ್ರಾ, ಇವತ್ತು ನೀನು ನರ್ಸಲ್ಲ, ಅತ್ತೆ. ಹೋಗಿ ಕೂತ್ಕೊ. ಬುರುಲ್, ನೀನು ಬಾ.”

ಬಾಗಿಲು ಮುಚ್ಚಿತು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಸಾಯ್ರಾ ಆ ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿ ನಾನು. ಸುದ್ದಿ ಬಂದ ಕೂಡಲೇ ಅವಳ ಮಗನಿಗೆ ಮುಟ್ಟಿಸಬೇಕೆಂದು ವ್ಯಾನಿನ ಎಂಜಿನ್ನನ್ನು ಬಿಸಿ ಮಾಡಿಯೇ ಇಟ್ಟಿದ್ದೆ. ಎರಡು ಗಂಟೆ ಕಳೆಯಿತು. ಒಳಗೆ ಪಾತ್ರೆ ಸದ್ದಾದರೆ ಸಾಯ್ರಾ ಎದ್ದು ನಿಲ್ಲುತ್ತಿದ್ದಳು. ಸದ್ದು ನಿಂತರೆ ಇನ್ನೂ ಬೇಗ ಎದ್ದು ನಿಲ್ಲುತ್ತಿದ್ದಳು.

“ಕಾಲ್ಮುರ್ಜಾ, ಇಷ್ಟು ಹೊತ್ತು ಆಗುತ್ತಾ?”

“ನೀನೇ ಹೇಳ್ತಿದ್ದೆಯಲ್ಲ ಸಾಯ್ರಾ, ಕುಂಬಳಕಾಯಿ ಕೀಳೋದಲ್ಲ, ಕೂತಿರ್ರಿ ಅಂತ.”

“ಅಯ್ಯೋ, ಆ ಹುಡುಗಿ ಸೇಡಿಟ್ಕೊಂಡಿದ್ದಾಳೆ. ನನ್ನ ಸೊಸೇನ ಏನಾದ್ರೂ ಮಾಡಿಬಿಟ್ರೆ?”

ಆಮೇಲೆ ಡಾಕ್ಟರೇ ನನಗೆ ಹೇಳಿದರು: ಒಳಗೆ ಬುರುಲ್ ಚೋಲ್ಪೊನ್‌ಗೆ ತನ್ನ ಎಡಗೈ ಕೊಟ್ಟು, ಅದನ್ನು ಅವಳು ಉಗುರಿನಿಂದ ಗೀರಿ ರಕ್ತ ಬರಿಸಿದರೂ ಬಿಡಿಸಿಕೊಳ್ಳದೆ, ಬಲಗೈಯಿಂದ ಎಲ್ಲ ಕೆಲಸ ಮಾಡಿದಳಂತೆ. ಸೇಡನ್ನು ಅವಳು ಬೂಟಿನ ಜೊತೆ ಬಾಗಿಲ ಆಚೆಯೇ ಬಿಟ್ಟು ಹೋಗಿದ್ದಳು. ಹೊರಗೆ ಬರುವಾಗ ಮರೆಯದೆ ಹಾಕಿಕೊಂಡಳು.

ಅಳು ಕೇಳಿತು. ಬಾಗಿಲು ತೆರೆಯಿತು. ಬುರುಲ್ ಬರಿಗೈಯಲ್ಲಿ ಬಂದು, ಕೋಟಿನ ಗುಂಡಿ ಸರಿ ಮಾಡಿಕೊಂಡು, ಮೆತ್ತಗೆ, ಚಹಾ ಬೇಕಾ ಎಂದು ಕೇಳುವಂತೆ ಹೇಳಿದಳು:

“ಸುಯುಂಚು, ಎಜೆ.”

ಸಾಯ್ರಾ ತಲೆವಸ್ತ್ರ ಕಿತ್ತು ಅವಳ ಹೆಗಲಿಗೆ ಹಾಕಿದಳು. “ತಗೋ! ಹೇಳು, ಚೆನ್ನಾಗಿದ್ದಾರಾ?”

“ತಾಯಿ ಮಗು ಇಬ್ರೂ ಚೆನ್ನಾಗಿದ್ದಾರೆ. ಅದನ್ನೂ ಬಚ್ಚಿಡೋವಷ್ಟು ವಿದ್ಯೆ ನಿಮ್ಮ ಹತ್ರ ನಾನಿನ್ನೂ ಕಲಿತಿಲ್ಲ.” ಬುರುಲ್ ವಸ್ತ್ರವನ್ನು ಮಡಿಸಿ ವಾಪಸು ಕೊಟ್ಟಳು. “ಇದು ಬೇಡ.”

“ಗಂಡಾ, ಹೆಣ್ಣಾ?”

“ಸುಯುಂಚು ಕೊಟ್ಮೇಲೆ.”

“ಕುರಿ ಕೊಡ್ತೀನಿ!”

“ಕುರಿ ವಾಸನೆ ನಂಗಾಗಲ್ಲ. ಕುರಿಗಾಹಿ ಮಗಳು.”

“ಓಲೆ ತಗೋ, ಚಿನ್ನದ್ದು! ಹಸು? ಕಂದು ಹಸು, ಕರು ಸಮೇತ!”

“ಎಜೆ, ಹೋದ ಅಕ್ಟೋಬರಿನಲ್ಲಿ ಅನಾರ್ಕಾನಳ ಮಗ ಯಾರ ಕೈಗೆ ಬಂದ? ಆಗ ನೀವು ಎಲ್ಲಿದ್ರಿ? ಅದನ್ನ ಇವ್ರಿಗೆಲ್ಲ ಹೇಳಿ. ನಂಗೆ ಬೇಕಾಗಿರೋ ಸುಯುಂಚು ಅದೇ.”

ಕಾರಿಡಾರಿನಲ್ಲಿ ಲಸಿಕೆ ಚುಚ್ಚಿಸಿಕೊಂಡ ಮಕ್ಕಳೂ ಅಳು ನಿಲ್ಲಿಸಿದವು. ಸಾಯ್ರಾ ಛಾವಣಿ ನೋಡಿದಳು, ಫಲಕ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ನಾನು ನನ್ನ ಟೊಪ್ಪಿಗೆಯ ಕಸೂತಿ ನೋಡುತ್ತಿದ್ದೆ.

“ಹಳೇದೆಲ್ಲ ಈಗ್ಯಾಕೆ ಮಗಳೆ, ಇಂಥ ಶುಭ ಹೊತ್ತಲ್ಲಿ...”

“ಕೊಡಲ್ಲ ಅಂತೀರಾ? ಹಾಗಾದ್ರೆ ಹಾಗಂತ ಹೇಳ್ಬಿಡಿ.”

ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಬಾಯಿಗೆ ಕೈ ಹಿಡಿದಳು. “ಅಯ್ಯೋ ಸಾಯ್ರಾ, ಸುಯುಂಚು ಇಲ್ಲ ಅನ್ಬೇಡ್ವೇ! ಆರು ವರ್ಷಕ್ಕೆ ಬಂದಿರೋ ಕೂಸು!”

ಸಾಯ್ರಾ ಕುಸಿದು ಬೆಂಚಿನ ಮೇಲೆ ಕೂತಳು. “ಅವಳ ಕೈಗೇ ಬಂದ,” ಎಂದು ಪಿಸುಗುಟ್ಟಿದಳು.

“ಕೊನೇ ಸಾಲಿನವ್ರಿಗೆ ಕೇಳಿಲ್ಲ ಎಜೆ. ನಿಮ್ಮ ದನಿ ಗೊತ್ತು ನಂಗೆ.”

“ಅವಳ ಕೈಗೇ ಬಂದ!” ಈ ಸಲ ಕಿಟಕಿಯ ಗಾಜು ನಡುಗಿತು. “ನಾನು ಬೋರ್ಸೊಕ್ ತಿಂತಿದ್ದೆ!”

“ಕುತ್ತಿಗೆ ಗೆರೆ?”

“ಹೊಕ್ಕುಳಬಳ್ಳಿ ಸುತ್ಕೊಂಡಿತ್ತು. ಬಿಡಿಸಿದ್ದು ಅವಳು. ಯಾರೂ ಜಾರಿಸ್ಲಿಲ್ಲ. ಸಾಕಾ? ನನ್ನ ಪ್ರಾಣಾನೂ ತಗೋತೀಯಾ?”

“ಅದು ನಿಮ್ಮ ಹತ್ರಾನೇ ಇರ್ಲಿ. ಮೊಮ್ಮಗು ಎತ್ಕೊಳಕ್ಕೆ ಬೇಕಲ್ಲ.”

ಅನಾರ್ಕಾನ್ ಎದ್ದು ಬಂದಳು. ಸಾಯ್ರಾ ಕಡೆ ತಿರುಗಿಯೂ ನೋಡದೆ, ತನ್ನ ಗುಂಡಣ್ಣನನ್ನು ಬುರುಲ್‌ಳ ಕೈಗೆ ಕೊಟ್ಟು, “ಇವನಿಗೆ ಸೂಜಿ ನೀನೇ ಹಾಕು,” ಎಂದಳು. ಅಷ್ಟೇ. ಬುರುಲ್ ಮಗುವನ್ನು ತೋಳಿನ ಮೇಲೆ ಮಲಗಿಸಿಕೊಂಡಳು. ಅದು ಅವಳ ಕೋಟಿನ ಗುಂಡಿಯನ್ನು ಹಿಡಿದು ಎಳೆಯಿತು. ಆ ಗಡಸು ಗಂಜಿಯ ಕೋಟು ಅಂದು ಮೊದಲ ಸಲ ಸುಕ್ಕಾದದ್ದನ್ನು ನಾನು ಕಣ್ಣಾರೆ ಕಂಡೆ.

“ಇನ್ನಾದ್ರೂ ಹೇಳೇ,” ಎಂದಳು ಸಾಯ್ರಾ ಅಳುತ್ತ.

“ಹೆಣ್ಣು.”

“ಹೆಣ್ಣಾ?”

“ಹೂಂ. ಅದಕ್ಕೇ ನಾನು ಬಂದೆ. ಹೆಣ್ಣಿನ ಸುದ್ದಿಗೆ ಹೊಸ ನರ್ಸನ್ನೇ ಕಳಿಸೋದು ಇಲ್ಲಿನ ಪದ್ಧತಿ ಅಲ್ವಾ ಎಜೆ?”

ಆ ಮಾತಿಗೆ ಏಳೂ ಊರು ಒಟ್ಟಿಗೆ ನಕ್ಕಿತು. ಸಾಯ್ರಾ ನಗಲಿಲ್ಲ, ಮೂಗೊರೆಸಿಕೊಂಡು ಬಾಗಿಲ ಹತ್ತಿರ ಹೋಗಿ, ಫಲಕದ ಕೆಳಗೆ ನಿಂತು, “ಎತ್ಕೊಳ್ಳಕ್ಕಾದ್ರೂ ಬಿಡ್ತೀಯೇನಮ್ಮ?” ಎಂದು ಕೇಳಿದಳು. ಇಪ್ಪತ್ತೆಂಟು ವರ್ಷದಲ್ಲಿ ಅವಳು ಯಾರನ್ನೂ ‘ಅಮ್ಮ’ ಎಂದದ್ದು ನಾನು ಕೇಳಿರಲಿಲ್ಲ. ಮಗುವನ್ನು ಎದೆಗೊತ್ತಿಕೊಂಡ ಮೇಲೆ ಹಳೆಯ ಸಾಯ್ರಾ ಸ್ವಲ್ಪ ಹಿಂದಿರುಗಿದಳೆನ್ನಿ: “ಮುಂದಿನದು ಗಂಡಾಗ್ಲಿ ಅಂತ ಇವಳಿಗೆ ಬುರುಲ್ ಅಂತಲೇ ಇಡೋಣ.”

“ಇಡಿ ಎಜೆ,” ಎಂದಳು ಬುರುಲ್. “ಆಮೇಲೆ ಹೆಬ್ಬಾತು ಸಾಕೋಕೆ ಹೋಗ್ಬೇಡಿ, ಅಷ್ಟೆ.”

ಇತ್ತ ನಾನು ನಿಜವನ್ನು ಹೊತ್ತು ಏಳು ಊರಿಗೆ ಹೊರಟೆ. ಯಾಕೋ ನಿಜಕ್ಕೆ ವ್ಯಾನ್ ಹೊಂದಿಕೆಯಾಗಲಿಲ್ಲ. ಮೊದಲ ಊರಿನಲ್ಲೇ ಹಿಮ ಬಿತ್ತು, ಎರಡನೆಯದರಲ್ಲಿ ಚಕ್ರ ಹೂತಿತು. ನಾನು ಹೋದಲ್ಲೆಲ್ಲ ಲಸಿಕೆಗೆ ಬಂದಿದ್ದ ತಾಯಂದಿರು ನನಗಿಂತ ಮೊದಲೇ ತಲುಪಿ, ನನಗೇ ಕಥೆ ಹೇಳಿ, ನನ್ನ ಹೆಸರು ಬಂದಾಗ ನನ್ನ ಮುಖ ನೋಡಿದರು. ಮೂರು ವಾರ ಕಳೆದು ಆಸ್ಪತ್ರೆಗೆ ಬಂದಾಗ ಡಾಕ್ಟರ ಮೇಜಿನ ಮೇಲೆ ಒಂದು ಕಾಗದ ಕಂಡೆ: ಬುರುಲ್ ಖಾಯಂ! ಹಳೆಯ ಕಾಲು ಎಚ್ಚರವಾಯಿತು. ಕಾರಿಡಾರಿನುದ್ದಕ್ಕೂ ಓಡಿದೆ. ಅವಳು ಒಬ್ಬ ಬಸುರಿಗೆ ರಕ್ತದೊತ್ತಡ ನೋಡುತ್ತಿದ್ದಳು; ಆಚೆಗೆ ಇನ್ನೂ ಒಂಬತ್ತು ಬಸುರಿಯರು ಅವಳಿಗಾಗಿಯೇ ಸಾಲು ಕೂತಿದ್ದರು.

“ಸುಯುಂಚು, ಮಗಳೆ!” ಎಂದು ಏದುಸಿರು ಬಿಟ್ಟೆ. “ನಿನ್ನ ಕೆಲಸ ಖಾಯಂ ಆಯ್ತು!”

“ಆ ಕಾಗದಕ್ಕೆ ನಾನು ಸಹಿ ಹಾಕಿ ಎಂಟು ದಿನ ಆಯ್ತು ಬಾಯ್ಕೆ. ಒಳ್ಳೆ ಸುದ್ದೀನ ಇಷ್ಟು ನಿಧಾನಕ್ಕೆ ತರೋರು ಈ ಕಣಿವೇಲಿ ನೀವೊಬ್ರೇ. ಆದ್ರೂ ಕೇಳಿದ್ದೀರಿ, ಇಲ್ಲ ಅನ್ನಬಾರ್ದು,” ಎಂದಳು, ಸಿರಿಂಜಿನ ತಟ್ಟೆ ಎಳೆದುಕೊಳ್ಳುತ್ತ. “ಪ್ಯಾಂಟ್ ಸಡಿಲಿಸಿ ಬೋರಲು ಮಲಗಿ. ಕೊಡ್ತೀನಿ.”